ಗುಮಾಸ್ತ ಬರೆದ ಬಿಳಿ ಹಲಗೆ

ಟೈಪ್ ಹೊಡೆಯುವವಳು ಓದಬಾರದು. ನಮ್ಮ ಕಸುಬಿನಲ್ಲಿ ಮೊದಲು ಹೇಳಿಕೊಡುವ ಪಾಠ ಇದು. ಕಣ್ಣು ಅಕ್ಷರ ನೋಡಬೇಕು, ಬೆರಳು ಕೀ ಒತ್ತಬೇಕು, ನಡುವೆ ತಲೆ ಬಂತೋ, ವೇಗ ಹೋಯಿತು. 1986ರಿಂದ 2019ರವರೆಗೆ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಕೋರ್ಟುಗಳ ಹತ್ತಿರ, ಒಂದು ಗಲ್ಲಿಯ ಆರಡಿ ಅಗಲದ ಅಂಗಡಿಯಲ್ಲಿ ಕೂತು ಜಾಬ್ ಟೈಪಿಂಗ್ ಮಾಡಿದವಳು ನಾನು. ಅಫಿಡವಿಟ್ಟು, ಬಾಡಿಗೆ ಕರಾರು, ಕ್ರಯಪತ್ರ, ವಿಚ್ಛೇದನದ ಅರ್ಜಿ. ಮೂರು ಕಾರ್ಬನ್ ಇಟ್ಟು ಎಷ್ಟು ಜನರ ಸಂಸಾರ ಹೊಡೆದಿದ್ದೇನೋ ಲೆಕ್ಕವಿಲ್ಲ. ಎಲ್ಲ ಓದಿದ್ದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಈಗ ಪುರುಸೊತ್ತಿದೆ, ಓದುತ್ತೇನೆ. ತಂಗಿಯ ಮಗಳು ಲಾ ಓದುತ್ತಿದ್ದಾಳೆ. ಹೋದ ತಿಂಗಳು ಶ್ರೀನಗರದ ನಮ್ಮ ಮನೆಗೆ ಬಂದು, "ದೊಡ್ಡಮ್ಮ, ಅಸೈನ್‌ಮೆಂಟು ಕನ್ನಡದಲ್ಲಿ ಬರೆದಿದೀನಿ, ನುಡಿಯಲ್ಲಿ ಹೊಡೆದುಕೊಡ್ತೀಯಾ?" ಎಂದು ಕೈಬರಹದ ಒಂದು ಕಟ್ಟು ಹಾಳೆ ಮಡಿಲಿಗೆ ಹಾಕಿದಳು. ರೋಮಿನ ಆದಿ ಗಣರಾಜ್ಯ, ಅದರ ಸಮಾಜ ಮತ್ತು ಆಡಳಿತ. "ಪುಟಕ್ಕೆ ಹದಿನೈದು ರೂಪಾಯಿ, ತಿದ್ದಿದರೆ ಇನ್ನೈದು" ಅಂದೆ. ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಮೊದಲೆರಡು ಹಾಳೆ ಹಳೇ ಅಭ್ಯಾಸದಂತೆ ಓದದೆ ಹೊಡೆದೆ. ಮೂರನೆಯದರಲ್ಲಿ ಬೆರಳು ನಿಂತಿತು. ರೋಮಿನಲ್ಲಿ ಒಬ್ಬನ ದ್ರಾಕ್ಷಿ ಬಳ್ಳಿಗಳನ್ನು ಇನ್ನೊಬ್ಬ ಕಡಿದುಹಾಕಿದ. ಇವನು ದಾವೆ ಹೂಡಿ, "ನನ್ನ ದ್ರಾಕ್ಷಿ ಬಳ್ಳಿ ಕಡಿದಿದ್ದಾನೆ" ಅಂದ. ಕೇಸು ಬಿದ್ದುಹೋಯಿತು. ಯಾಕೆಂದರೆ ಹನ್ನೆರಡು ಹಲಗೆಗಳ ಕಾನೂನಿನಲ್ಲಿ, ಅಂದರೆ ರೋಮಿನವರು ಮೊದಲ ಸಲ ಬರೆದು ಹಾಕಿದ ಕಾನೂನಿನಲ್ಲಿ, ಇದ್ದ ಪದ "ಮರ". ಬಳ್ಳಿ ಅನ್ನದೆ ಮರ ಅಂದಿದ್ದರೆ ಗೆಲ್ಲುತ್ತಿದ್ದನಂತೆ. ಗೇಯಸ್ ಎಂಬ ಕಾನೂನು ಪಂಡಿತ ಬರೆದಿಟ್ಟಿದ್ದಾನೆ.

ನನಗೆ ತಟ್ಟನೆ ಆನೇಕಲ್ ಕಡೆಯ ಒಬ್ಬ ಯಜಮಾನರು ನೆನಪಾದರು. ತೊಂಬತ್ತರ ದಶಕ. ಅವರ ದಾವೆಯ ಷೆಡ್ಯೂಲಿನಲ್ಲಿ ಚಕ್ಕುಬಂದಿ ಹೊಡೆಯುವಾಗ ಪೂರ್ವದ್ದು ಪಶ್ಚಿಮಕ್ಕೆ, ಪಶ್ಚಿಮದ್ದು ಪೂರ್ವಕ್ಕೆ ಹಾಕಿಬಿಟ್ಟಿದ್ದೆ. ಓಣಿ ಅತ್ತ ಹೋಯಿತು, ದಾಯಾದಿಯ ಜಮೀನು ಇತ್ತ ಬಂತು. ತಿದ್ದುಪಡಿಗೆ ಅರ್ಜಿ, ಅದಕ್ಕೆ ಎದುರಾಳಿಯ ತಕರಾರು, ಅದಕ್ಕೊಂದು ವಾಯಿದೆ. ಏಳು ತಿಂಗಳು ಹೋಯಿತು. ಅವರು ಒಂದು ಮಾತೂ ಅನ್ನಲಿಲ್ಲ, ಮಗಳ ಮದುವೆಗೆ ಕರೆಯೋಲೆ ಕೂಡ ಕೊಟ್ಟರು. ಹೋಗುವ ಮುಖ ನನಗಿರಲಿಲ್ಲ. ಆ ದ್ರಾಕ್ಷಿಯವನ ಸಂಕಟ ಎರಡು ಸಾವಿರ ವರ್ಷ ದಾಟಿ ಬಂದು ನನ್ನ ಕೀಬೋರ್ಡಿನ ಮೇಲೆ ಕೂತ ಹಾಗಾಯಿತು. ಅವತ್ತಿನಿಂದ ಓದುತ್ತಲೇ ಹೊಡೆದೆ. ಅವಳು ತಂದುಕೊಟ್ಟ ಪುಸ್ತಕಗಳನ್ನೂ ಓದಿದೆ.

ಕತೆ ಶುರುವಾಗುವುದು ಕ್ರಿ.ಪೂ. 509ರಲ್ಲಿ, ಕೊನೆಯ ಅರಸ ಟಾರ್ಕ್ವಿನಿಯಸನನ್ನು ಓಡಿಸುವಲ್ಲಿಂದ. ಅರಸನ ಜಾಗಕ್ಕೆ ಇಬ್ಬರು ಕಾನ್ಸಲ್‌ಗಳು ಬಂದರು. ಇಬ್ಬರಿಗೂ ಅರಸನಷ್ಟೇ ಅಧಿಕಾರ, ಆದರೆ ಒಂದೇ ವರ್ಷ. ಒಬ್ಬ ಮಾಡು ಅಂದದ್ದನ್ನು ಇನ್ನೊಬ್ಬ ಬೇಡ ಅಂದರೆ ಬೇಡ. ಇಬ್ಬರು ಸೀನಿಯರ್‌ಗಳಿದ್ದ ವಕೀಲರ ಆಫೀಸಿಗೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಸವಿಗೂ ಅವರು ಅಂಕಿ ಹಾಕುತ್ತಿರಲಿಲ್ಲವಂತೆ, ಇಂಥ ಇಬ್ಬರು ಕಾನ್ಸಲ್ ಆಗಿದ್ದ ವರ್ಷ ಎಂದೇ ಬರೆಯುತ್ತಿದ್ದರು. ದಿನಾಂಕದ ಸಾಲು ಹೊಡೆಯಲು ಇಬ್ಬರ ಪೂರ್ತಿ ಹೆಸರು ನೆನಪಿಡಬೇಕು. ನಾನಂತೂ ಆ ಕಾಲದಲ್ಲಿ ಹುಟ್ಟಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ತೀರಾ ಆಪತ್ತು ಬಂದರೆ ಒಬ್ಬನೇ ಸರ್ವಾಧಿಕಾರಿ, ಆರು ತಿಂಗಳ ಮಟ್ಟಿಗೆ. 458ರಲ್ಲಿ (ಇಲ್ಲಿ ರೋಮಿನ ಇಸವಿಗಳೆಲ್ಲ ಕ್ರಿ.ಪೂ.) ಸಿನ್‌ಸಿನಾಟಸ್ ಎಂಬವನನ್ನು ಹೊಲದಿಂದ ಕರೆತಂದರು. ಅವನು ಯುದ್ಧ ಗೆದ್ದು, ಹದಿನಾರನೇ ದಿನಕ್ಕೆ ಅಧಿಕಾರ ಬಿಟ್ಟು ಹೊಲಕ್ಕೆ ವಾಪಸು ಹೋದ.

ಇದನ್ನೆಲ್ಲ ವಿವರವಾಗಿ ಹೇಳುವ ಲಿವಿ ಎಂಬ ಇತಿಹಾಸಕಾರ ಬರೆದದ್ದು ನಾಲ್ಕೈದು ನೂರು ವರ್ಷ ಕಳೆದ ಮೇಲೆ. ಉತ್ತರದಿಂದ ಬಂದ ಗಾಲರು ರೋಮಿಗೆ ಬೆಂಕಿಯಿಟ್ಟಾಗ ಹಳೇ ದಾಖಲೆ ಬಹುಪಾಲು ಸುಟ್ಟುಹೋಯಿತು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಆದ್ದರಿಂದ ಮುಂದಿನದಕ್ಕೆಲ್ಲ ನಮ್ಮ ಅಫಿಡವಿಟ್ಟಿನ ಕೊನೇ ಸಾಲನ್ನೇ ಸೇರಿಸಿ ಓದಿಕೊಳ್ಳಿ: ಮೇಲ್ಕಂಡ ಸಂಗತಿಗಳು ನನಗೆ ತಿಳಿದ ಮಟ್ಟಿಗೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ.

ಅರಸ ಹೋದ, ಸರಿ. ಅಧಿಕಾರ ಹೋದದ್ದು ಯಾರ ಕೈಗೆ? ಪೆಟ್ರೀಷಿಯನ್ ಎಂಬ ಕೆಲವು ಮನೆತನಗಳ ಕೈಗೆ. ಸೆನೆಟು ಎಂಬ ಹಿರಿಯರ ಸಭೆ ಅವರದು, ಕಾನ್ಸಲ್ ಪದವಿ ಅವರದು, ಪುರೋಹಿತರ ಮಂಡಳಿಯೂ ಅವರದು. ಉಳಿದವರೆಲ್ಲ ಪ್ಲೆಬಿಯನ್ನರು. ಪ್ಲೆಬಿಯನ್ನರೆಂದರೆ ಬಡವರು ಮಾತ್ರ ಎಂದುಕೊಂಡಿದ್ದೆ, ಅವರಲ್ಲೂ ದುಡ್ಡಿದ್ದವರಿದ್ದರು. ಹುಟ್ಟಿದ ಮನೆ ಸರಿಯಿರಲಿಲ್ಲ, ಅಷ್ಟೇ.

ಮತದಾನವಿತ್ತು. ಅದರ ಲೆಕ್ಕ ನೋಡಿ ನಗು ಬಂತು. ಜನರನ್ನು ಆಸ್ತಿಯ ಪ್ರಕಾರ 193 ಗುಂಪು ಮಾಡಿದ್ದರು, ಗುಂಪಿಗೆ ಒಂದು ಮತ. ಕುದುರೆ ಸವಾರರಿಗೆ 18 ಗುಂಪು, ಮೊದಲ ದರ್ಜೆಯ ಸಾಹುಕಾರರಿಗೆ 80. ಎರಡೂ ಸೇರಿದರೆ 98, ಗೆಲ್ಲಲು ಬೇಕಾದದ್ದು 97. ಏನೂ ಇಲ್ಲದವರನ್ನೆಲ್ಲ ಎಷ್ಟು ಸಾವಿರವಿದ್ದರೂ ಒಂದೇ ಗುಂಪಿಗೆ ತುಂಬಿದ್ದರು. ಮೇಲಿನವರು ಮೊದಲು ಮತ ಹಾಕುತ್ತಾರೆ, ಬಹುಮತ ಬಂದ ಕೂಡಲೇ ಎಣಿಕೆ ಬಂದ್. ನಮ್ಮ ಬಡಾವಣೆಯ ಸಂಘದ ಸಭೆಯಲ್ಲೂ ಮೊದಲು ಮೂರು ಮಹಡಿ ಕಟ್ಟಿಸಿದವರು ಮಾತಾಡುತ್ತಾರೆ. ಬಾಡಿಗೆಯವರ ಸರದಿ ಬರುವ ಹೊತ್ತಿಗೆ ಕಾಫಿ ಮುಗಿದು ಕುರ್ಚಿ ಮಡಚುತ್ತಿರುತ್ತಾರೆ.

ಜನ ಸಿಡಿದೆದ್ದದ್ದು ಮತಕ್ಕಾಗಿ ಅಲ್ಲ, ಸಾಲಕ್ಕಾಗಿ. 495ರಲ್ಲಿ ಒಬ್ಬ ಮುದುಕ ಹರಕು ಬಟ್ಟೆಯಲ್ಲಿ, ಕೆದರಿದ ಗಡ್ಡದಲ್ಲಿ ಊರ ನಡುವಿನ ಚೌಕಕ್ಕೆ ಓಡಿಬಂದ. ಜನ ಗುರುತು ಹಿಡಿದರು. ಹಿಂದೆ ಪಡೆಯ ನಾಯಕನಾಗಿದ್ದವನು, ಎದೆಯ ಮೇಲೆ ಯುದ್ಧದ ಗಾಯಗಳಿದ್ದವು. ಅವನು ಯುದ್ಧಕ್ಕೆ ಹೋಗಿದ್ದಾಗ ಶತ್ರುಗಳು ಬೆಳೆ ಸುಟ್ಟರು, ದನ ಹೊಡೆದುಕೊಂಡು ಹೋದರು. ಅದರ ಮೇಲೆ ಕಂದಾಯ. ಸಾಲ ಮಾಡಿದ. ಬಡ್ಡಿ ಬೆಳೆದು ತಾತನ ಕಾಲದ ಹೊಲ ಹೋಯಿತು, ಆಮೇಲೆ ಉಳಿದ ಆಸ್ತಿ ಹೋಯಿತು, ಕೊನೆಗೆ ಮೈಯೇ ಸಾಲ ಕೊಟ್ಟವನ ವಶವಾಯಿತು. ಬೆನ್ನು ತಿರುಗಿಸಿ ತೋರಿಸಿದ. ಅಲ್ಲಿದ್ದದ್ದು ಹೊಸ ಬಾಸುಂಡೆಗಳು.

ಆ ಪದ್ಧತಿಗೆ ನೆಕ್ಸಮ್ ಅಂತ ಹೆಸರು. ಹುಡುಗಿ "ಋಣದಾಸ್ಯ" ಎಂದು ಬರೆದಿದ್ದಳು. ಹೊಡೆದು ಕತ್ತರಿಸಿ "ಜೀತ" ಹಾಕಿದೆ. ಮಾಗಡಿ ಕಡೆಯ ನಮ್ಮೂರಲ್ಲಿ ನಾನು ಚಿಕ್ಕವಳಿದ್ದಾಗ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದ ಒಬ್ಬರಿದ್ದರು, ಅಪ್ಪ ಮಾಡಿದ ಸಾಲಕ್ಕೆ ಮಗ. ನಮಗೆಲ್ಲ ಅವರು ಅಣ್ಣ. ಕೊಟ್ಟಿಗೆಯಲ್ಲೇ ಊಟ, ಅಲ್ಲೇ ನಿದ್ದೆ. ಜೀತ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ, ನನಗಾಗ ಹದಿಮೂರು. ರೋಮಿನವರಿಗೆ ಅದು 326ರವರೆಗೆ ಕಾದಿತ್ತು. ಅಲ್ಲೂ ಅಪ್ಪನ ಸಾಲಕ್ಕೆ ಜೀತಕ್ಕೆ ಬಿದ್ದ ಒಬ್ಬ ಎಳೇ ಹುಡುಗನನ್ನು ಧಣಿ ಕೆಡಿಸಲು ನೋಡಿ, ಒಪ್ಪದಿದ್ದಾಗ ಬಾರುಕೋಲಿನಿಂದ ಹೊಡೆಸಿದ ಮೇಲೆ ಊರು ಕೆರಳಿತು. ಸಾಲಕ್ಕೆ ಆಸ್ತಿ ಹೊಣೆ, ಮೈ ಹೊಣೆಯಲ್ಲ ಎಂದು ಕಾನೂನಾಯಿತು.

ಮೊದಲಿನದಕ್ಕೆ ಬರುತ್ತೇನೆ. 494ರಲ್ಲಿ ಪ್ಲೆಬಿಯನ್ನರು ಏನು ಮಾಡಿದರು ಅಂದರೆ, ಕಲ್ಲೆಸೆಯಲಿಲ್ಲ, ಕತ್ತಿ ಹಿರಿಯಲಿಲ್ಲ, ಎದ್ದು ನಡೆದರು. ಆನಿಯೋ ನದಿ ದಾಟಿ, ಊರಿಂದ ಮೂರು ಮೈಲಿ ಆಚೆಯ ಗುಡ್ಡದ ಮೇಲೆ ಹೋಗಿ ಕೂತರು. ಯುದ್ಧಕ್ಕೆ ಕಾಲಾಳು ಬೇಕಲ್ಲ, ಈಗ ಯಾರನ್ನು ಕರೀತೀರೋ ಕರೀರಿ ಅಂತ. ಸೆನೆಟು ಮೆನೇನಿಯಸ್ ಅಗ್ರಿಪ್ಪ ಎಂಬವನನ್ನು ಕಳಿಸಿತು. ಅವನು ಹೇಳಿದ ಹೊಟ್ಟೆಯ ಕತೆ ಪ್ರಸಿದ್ಧ: ಕೈ, ಬಾಯಿ, ಹಲ್ಲು ಸೇರಿ ಹೊಟ್ಟೆಗೆ ಕೂಳು ಹಾಕುವುದಿಲ್ಲ ಎಂದು ಹಟ ಹಿಡಿದವು, ಕೊನೆಗೆ ತಾವೇ ಸೊರಗಿದವು. ನನಗೆ ಈ ಕತೆ ಹಿಡಿಸಲಿಲ್ಲ. ಹೊಟ್ಟೆಯ ಪರವಾಗಿ ಮಾತಾಡಲು ಬಂದವನು ಇನ್ನೇನು ಹೇಳಿಯಾನು? ಆದರೆ ಅವನು ಸತ್ತಾಗ ಮಣ್ಣು ಮಾಡಲು ಮನೆಯಲ್ಲಿ ಕಾಸಿರಲಿಲ್ಲವಂತೆ, ಪ್ಲೆಬಿಯನ್ನರೇ ತಲಾ ಚಿಲ್ಲರೆ ಹಾಕಿ ಸಂಸ್ಕಾರ ಮಾಡಿದರಂತೆ. ಅದನ್ನು ಓದಿದ ಮೇಲೆ ಬೈಯಲು ಮನಸ್ಸಾಗಲಿಲ್ಲ.

ಏನೇ ಆಗಲಿ, ಗುಡ್ಡದಿಂದ ಇಳಿಯುವಾಗ ಅವರ ಕೈಯಲ್ಲಿ ಟ್ರಿಬ್ಯೂನ್ ಎಂಬ ಹೊಸ ಹುದ್ದೆ ಇತ್ತು. ಪ್ಲೆಬಿಯನ್ನರು ಆರಿಸಿದ, ಪ್ಲೆಬಿಯನ್ನರದೇ ಮನುಷ್ಯ. ಅವನ ಮೈ ಮುಟ್ಟಿದವನನ್ನು ಕೊಂದರೂ ಪಾಪವಿಲ್ಲ. ಕಾನ್ಸಲ್ಲೇ ಒಬ್ಬನನ್ನು ಎಳೆದುಕೊಂಡು ಹೋಗುತ್ತಿದ್ದರೂ ಟ್ರಿಬ್ಯೂನ್ ಅಡ್ಡ ನಿಂತು "ಬಿಡು" ಅಂದರೆ ಬಿಡಬೇಕು. ಅವನ ಮನೆ ಬಾಗಿಲು ಹಗಲೂ ರಾತ್ರಿ ತೆರೆದಿರಬೇಕು, ರಾತ್ರಿ ಊರು ಬಿಟ್ಟು ತಂಗುವಂತಿಲ್ಲ. ಬಾಗಿಲು ಹಾಕದ ಅಧಿಕಾರಿ! ನಾಲ್ಕೂವರೆಗೇ ಶಟರ್ ಎಳೆಯುವ ಕಚೇರಿಗಳ ಮುಂದೆ ನಿಂತು ಬಂದವರು ಇದನ್ನು ಎರಡು ಸಲ ಓದುತ್ತಾರೆ.

ಈಗ ಹನ್ನೆರಡು ಹಲಗೆಗಳು. ಇಲ್ಲಿ ನಾನು ನಾಲ್ಕು ದಿನ ಕೂತೆ.

ಅಲ್ಲಿಯವರೆಗೆ ಕಾನೂನು ಇದ್ದದ್ದು ಪೆಟ್ರೀಷಿಯನ್ ನ್ಯಾಯಾಧೀಶರ ಮತ್ತು ಪುರೋಹಿತರ ತಲೆಯಲ್ಲಿ. "ಹಿಂದಿನಿಂದ ಹೀಗೇ ನಡೆದುಬಂದಿದೆ" ಅಂದರೆ ಮುಗಿಯಿತು, ಅಲ್ಲ ಅನ್ನಲು ಕಾಗದವೆಲ್ಲಿದೆ? ಬರೆದು ಹಾಕಿ ಎಂದು ಪ್ಲೆಬಿಯನ್ನರು ವರ್ಷಗಟ್ಟಲೆ ಪಟ್ಟು ಹಿಡಿದರು. 451–450ರಲ್ಲಿ ಹತ್ತು ಜನರ ಮಂಡಳಿ ಕೂತು ಬರೆಯಿತು, ಹಲಗೆಗಳನ್ನು ಚೌಕದಲ್ಲಿ ನಿಲ್ಲಿಸಿದರು. ಮೂಲ ಹಲಗೆ ಉಳಿದಿಲ್ಲ, ಆಮೇಲಿನವರು ಅಲ್ಲಲ್ಲಿ ಎತ್ತಿ ಹೇಳಿದ ಚೂರುಗಳಿವೆ. ವಕೀಲ, ವಾಗ್ಮಿ ಸಿಸೆರೊ ಚಿಕ್ಕವನಿದ್ದಾಗ ಹುಡುಗರು ಇದನ್ನು ಮಗ್ಗಿ ಒಪ್ಪಿಸಿದ ಹಾಗೆ ಬಾಯಿಪಾಠ ಮಾಡುತ್ತಿದ್ದರಂತೆ.

ಕ್ರೌರ್ಯಕ್ಕೇನೂ ಕಮ್ಮಿಯಿಲ್ಲ. ಸಾಲ ಒಪ್ಪಿಕೊಂಡವನಿಗೆ 30 ದಿನ ಗಡುವು. ಕೊಡದಿದ್ದರೆ ಹಿಡಿದು ಸಂಕೋಲೆ ಹಾಕಬಹುದು. ಸಂಕೋಲೆಯ ತೂಕವನ್ನೂ ಬರೆದಿದ್ದಾರೆ, ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಡಬೇಕು ಎಂದೂ ಬರೆದಿದ್ದಾರೆ. 60 ದಿನ ಹೀಗಿಟ್ಟುಕೊಂಡು, ಸಾಲಾಗಿ ಮೂರು ಸಂತೆಗೆ ಕರೆದೊಯ್ದು ಇಂತಿಷ್ಟು ಬಾಕಿ ಎಂದು ಕೂಗಿಸಬೇಕು, ಯಾರಾದರೂ ಬಿಡಿಸಿಕೊಳ್ಳಲಿ ಅಂತ. ಮೂರನೇ ಸಂತೆಗೂ ಯಾರೂ ಬರದಿದ್ದರೆ, ಸಾಲ ಕೊಟ್ಟವರು ಹಲವರಿದ್ದರೆ, "ಪಾಲು ಕತ್ತರಿಸಿಕೊಳ್ಳಲಿ". ಕತ್ತರಿಸುವುದು ಆಸ್ತಿಯನ್ನೋ ಮನುಷ್ಯನನ್ನೋ ಎಂದು ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ. ಒಂದು ಕರ್ಮಪದ ಬಿಟ್ಟುಹೋದದ್ದರಿಂದ! ಟೈಪಿಸ್ಟನ್ನು ಬೈದಿರಬೇಕು.

ಅದರ ಪಕ್ಕದಲ್ಲೇ ನಮ್ಮ ಬೀದಿಯ ವಿಷಯಗಳು. ಕಟ್ಟಡದ ಸುತ್ತ ಎರಡೂವರೆ ಅಡಿ ಜಾಗ ಬಿಡಬೇಕು. ದಾರಿ ನೇರಕ್ಕೆ ಎಂಟಡಿ, ತಿರುವಿನಲ್ಲಿ ಹದಿನಾರು. ಗಾಡಿ ತಿರುಗಬೇಕಲ್ಲ. ಟ್ವೆಂಟಿ ಥರ್ಟಿ ಸೈಟಿನಲ್ಲಿ ಸೆಟ್‌ಬ್ಯಾಕನ್ನೂ ನುಂಗಿ, ಗೋಡೆಗೆ ಗೋಡೆ ತಾಗಿಸಿ ಕಟ್ಟುವ ಊರಿನವಳಾದ ನನಗೆ ಆ ಎರಡೂವರೆ ಅಡಿ ಕಾವ್ಯದ ಹಾಗೆ ಕಂಡಿತು. ನಿನ್ನ ಮರದ ಹಣ್ಣು ಪಕ್ಕದವನ ಜಾಗದಲ್ಲಿ ಬಿದ್ದರೆ ಹೋಗಿ ಆರಿಸಿಕೊಳ್ಳಬಹುದು ಎಂದೂ ಇದೆ. ನಮ್ಮ ನುಗ್ಗೆಮರದ ಕೊಂಬೆ ಪಕ್ಕದ ಮನೆ ತಾರಸಿಗೆ ವಾಲಿದೆ. ಅವರು ಕಾಯಿ ಕಿತ್ತುಕೊಳ್ಳುತ್ತಾರೆ, ಎಲೆ ಉದುರಿದ್ದಕ್ಕೆ ನಮ್ಮನ್ನು ಬೈಯುತ್ತಾರೆ. ಹಲಗೆಯ ಈ ಸಾಲನ್ನು ಅಚ್ಚುಹಾಕಿ ಗೇಟಿಗೆ ತೂಗುಹಾಕೋಣವೇ ಅಂದರೆ ನಮ್ಮೆಜಮಾನರು ಬೇಡ ಅಂದರು. ಕಾನ್ಸಲ್ ಇಬ್ಬರಿದ್ದರೆ ಇದೇ ಕಷ್ಟ.

ಅವಮಾನ ಮಾಡಿದರೆ 25 ಕಾಸು ದಂಡ ಎಂದೂ ಇತ್ತು. ಆಮೇಲಾಮೇಲೆ ಕಾಸಿಗೆ ಬೆಲೆಯಿಲ್ಲದಾಯಿತು. ಲೂಸಿಯಸ್ ವೆರಾಟಿಯಸ್ ಎಂಬ ಪುಂಡ ದಾರಿಯಲ್ಲಿ ಸಿಕ್ಕವರ ಕೆನ್ನೆಗೆ ಬಾರಿಸುತ್ತ ಹೋಗುತ್ತಿದ್ದನಂತೆ. ಹಿಂದೆಯೇ ಗುಲಾಮನೊಬ್ಬ ಚೀಲ ಹಿಡಿದುಕೊಂಡು, ಹೊಡೆಸಿಕೊಂಡವರಿಗೆಲ್ಲ ಸ್ಥಳದಲ್ಲೇ 25 ಎಣಿಸಿಕೊಡುತ್ತಿದ್ದ.

ಹೆಂಗಸರ ಬಗ್ಗೆಯೂ ಇದೆ. ಎಷ್ಟೇ ವಯಸ್ಸಾಗಲಿ ಒಬ್ಬ ಗಂಡಸಿನ ಪಾಲನೆಯಲ್ಲೇ ಇರಬೇಕು, ವೆಸ್ಟಾ ದೇವಿಯ ಕನ್ಯೆಯರಿಗೆ ಮಾತ್ರ ವಿನಾಯಿತಿ. ಶವದ ಮುಂದೆ ಕೆನ್ನೆ ಪರಚಿಕೊಳ್ಳಬಾರದು ಎಂದೂ ಇದೆ. ಕಾನೂನು ಬರೆಯುತ್ತಿದ್ದ ಆ ಹತ್ತು ಜನರಲ್ಲೇ ಒಬ್ಬ, ಏಪಿಯಸ್ ಕ್ಲಾಡಿಯಸ್, ವರ್ಜೀನಿಯಾ ಎಂಬ ಹುಡುಗಿಯ ಮೇಲೆ ಕಣ್ಣು ಹಾಕಿದ. ತನ್ನ ಕಡೆಯವನಿಂದ "ಇವಳು ನನ್ನ ಗುಲಾಮಳು" ಎಂದು ದಾವೆ ಹಾಕಿಸಿ, ತಾನೇ ಪೀಠದಲ್ಲಿ ಕೂತು ತೀರ್ಪು ಕೊಟ್ಟ. ಅಪ್ಪ ಮಗಳ ಮಾನ ಉಳಿಸಲು ಕಟುಕನ ಚೂರಿಯಿಂದ ಅವಳನ್ನೇ ಕೊಂದ. ಜನ ಮತ್ತೆ ಊರು ಬಿಟ್ಟರು, ಮಂಡಳಿ ಬಿದ್ದಿತು, 449ರಲ್ಲಿ ಒಳ್ಳೇ ಕಾನೂನುಗಳು ಬಂದವು. ಲಿವಿ ಪುಟಗಟ್ಟಲೆ ಹೇಳುತ್ತಾನೆ. ಆ ಹುಡುಗಿಯ ಬಾಯಿಂದ ಒಂದು ಮಾತೂ ಇಲ್ಲ.

ಮುಂದಿನದು ಪರೀಕ್ಷೆಗೆ ಬರುವ ಭಾಗ, ಬೇಗ ಹೇಳುತ್ತೇನೆ. ಎರಡು ಕುಲಗಳ ನಡುವೆ ಮದುವೆ ಕೂಡದು ಎಂದು ಹಲಗೆಯಲ್ಲಿ ಹಾಕಿದ್ದರು, 445ರಲ್ಲಿ ಅದು ರದ್ದಾಯಿತು. 367ರಲ್ಲಿ ಲಿಸಿನಿಯಸ್ ಮತ್ತು ಸೆಕ್ಸ್‌ಟಿಯಸ್ ಎಂಬ ಟ್ರಿಬ್ಯೂನರು ಕಾನ್ಸಲ್ ಪದವಿಗಳಲ್ಲಿ ಒಂದನ್ನು ಪ್ಲೆಬಿಯನ್ನರಿಗೆ ಕೊಡಿಸಿದರು. ಸಾರ್ವಜನಿಕ ಜಮೀನನ್ನು ಒಬ್ಬ 500 ಯುಗೆರಕ್ಕಿಂತ, ಅಂದರೆ ನಮ್ಮ ಸುಮಾರು 310 ಎಕರೆಗಿಂತ, ಹೆಚ್ಚು ಇಟ್ಟುಕೊಳ್ಳಬಾರದು ಎಂದೂ ಮಾಡಿದರು. ಹತ್ತು ವರ್ಷದ ಮೇಲೆ ಅದೇ ಲಿಸಿನಿಯಸ್ ತನ್ನದೇ ಕಾನೂನಿನಡಿ ಸಿಕ್ಕಿಬಿದ್ದ. ಸಾವಿರ ಯುಗೆರ ಹಿಡಿದುಕೊಂಡು, ಮಗನನ್ನು ಬೇರೆ ಮಾಡಿದ ಹಾಗೆ ತೋರಿಸಿ ಅರ್ಧ ಅವನ ಹೆಸರಲ್ಲಿಟ್ಟಿದ್ದ. 10,000 ಕಾಸು ದಂಡ. ಇಂಥ "ವಿಭಾಗಪತ್ರ" ನಾನು ಎಷ್ಟು ಹೊಡೆದಿದ್ದೇನೆ ಎಂದು ಕೇಳಬೇಡಿ. 287ರ ಹೊತ್ತಿಗೆ ಪ್ಲೆಬಿಯನ್ನರ ಸಭೆ ಮಾಡಿದ ತೀರ್ಮಾನ ಎಲ್ಲರಿಗೂ ಅನ್ವಯ ಎಂದಾಯಿತು, ಇತಿಹಾಸದ ಪುಸ್ತಕ ಅಲ್ಲಿಗೆ ಅಧ್ಯಾಯ ಮುಗಿಸುತ್ತದೆ.

ನಾನು ಮುಗಿಸುವುದಿಲ್ಲ. ನಡುವೆ ಒಂದು ವಿಷಯ ಬಿಟ್ಟುಹೋಗಿದೆ.

ಕಾನೂನು ಹಲಗೆಯ ಮೇಲೆ ಬಂತು, ಆದರೆ ಕೋರ್ಟು ಯಾವತ್ತು? ರೋಮಿನಲ್ಲಿ ಕೆಲವು ದಿನ ದಾವೆ ನಡೆಸಬಹುದು, ಕೆಲವು ದಿನ ನಡೆಸಿದರೆ ದೋಷ. ಯಾವುದು ಯಾವುದು ಎಂದು ಗೊತ್ತಿದ್ದದ್ದು ಪುರೋಹಿತರ ಮಂಡಳಿಗೆ ಮಾತ್ರ. ದಾವೆ ಹೂಡುವಾಗ ನುಡಿಯಬೇಕಾದ ಮಾತುಗಳೂ ಅವರ ಹತ್ತಿರವೇ. ಬಳ್ಳಿಯೋ ಮರವೋ ಎಂದು ಹೇಳಿಕೊಡುವವರು ಅವರೇ. ಹೀಗೆ ಕಾನೂನು ಬರೆದ ಮೇಲೂ ಸುಮಾರು ನೂರೈವತ್ತು ವರ್ಷ ಜನ ಅವರ ಬಾಗಿಲಿಗೆ ಹೋಗಿ, "ಸ್ವಾಮಿ, ಯಾವತ್ತು ಬರಲಿ, ಏನನ್ನಲಿ?" ಎಂದು ಕೇಳಬೇಕಿತ್ತು.

ನನ್ನ ಅಂಗಡಿಯ ಮುಂದೆ ಈ ಪ್ರಶ್ನೆ ದಿನಾ ಕೇಳಿಸುತ್ತಿತ್ತು. ಹೊಸಕೋಟೆಯಿಂದಲೋ ಕನಕಪುರದಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವರು, "ಅಮ್ಮಾ, ಇವತ್ತು ನಮ್ಮ ಡೇಟು ಐತಾ?" ಎಂದು ನನ್ನನ್ನು ಕೇಳುತ್ತಿದ್ದರು. ಡೇಟು ಇರುತ್ತಿದ್ದದ್ದು ಗುಮಾಸ್ತರ ಡೈರಿಯಲ್ಲಿ. ಗುಮಾಸ್ತರು ಟೀ ಕುಡಿಯಲು ಹೋಗಿರುತ್ತಿದ್ದರು. ಯಾವ ಅರ್ಜಿಗೆ ಏನೇನು ಲಗತ್ತಿಸಬೇಕು ಎಂಬುದೂ ಹಾಗೇ, ಒಂದು ಕಾಗದ ಇಲ್ಲ ಎಂದು ಇವತ್ತು ಓಡಿಸುತ್ತಾರೆ, ನಾಳೆ ಇನ್ನೊಂದು ಇಲ್ಲ ಎಂದು. 1998ರಲ್ಲೋ ಏನೋ, ಬೇಸತ್ತು ನಾನೇ ದಪ್ಪಕ್ಷರದಲ್ಲಿ ಎರಡು ಹಾಳೆ ಹೊಡೆದು ಅಂಗಡಿಯ ಹೊರಗೋಡೆಗೆ ಅಂಟಿಸಿದೆ: ಯಾವ ಅರ್ಜಿಗೆ ಯಾವ ಕಾಗದ, ಎಷ್ಟು ರೂಪಾಯಿ ಸ್ಟಾಂಪು, ಅಫಿಡವಿಟ್ಟಿನ ನಮೂನೆ. ಜನ ನಿಂತು ಓದುತ್ತಿದ್ದರು, ಓದು ಬಾರದವರಿಗೆ ಬಂದವರು ಓದಿ ಹೇಳುತ್ತಿದ್ದರು. ಎರಡನೇ ವಾರ ಗಲ್ಲಿಯ ಬರಹಗಾರರೊಬ್ಬರು ಬಂದು, "ಏನಮ್ಮಾ, ಎಲ್ಲಾ ಗೋಡೆಗೇ ಹಚ್ಚಿಬಿಟ್ರೆ ನಾವೇನ್ ಮಾಡಣ?" ಅಂದರು, ಸಿಟ್ಟಿನಲ್ಲಲ್ಲ, ನಗುತ್ತಲೇ. ಮಾರನೇ ದಿನ ಹಾಳೆ ಹರಿದಿತ್ತು. ಮತ್ತೆ ಅಂಟಿಸಿದೆ, ಮತ್ತೆ ಹರಿಯಿತು. ಮೂರನೇ ಸಲ ಒಳಗೋಡೆಗೆ ಅಂಟಿಸಿದೆ. ಅಷ್ಟೇ ನನ್ನ ಧೈರ್ಯ.

ಗ್ನೀಯಸ್ ಫ್ಲೇವಿಯಸನ ಧೈರ್ಯ ದೊಡ್ಡದು. ಅವನೂ ನಮ್ಮ ಜಾತಿಯವನೇ, ಬರೆಯುವ ಜಾತಿ. ಗುಲಾಮಗಿರಿಯಿಂದ ಬಿಡುಗಡೆಯಾದವನ ಮಗ, ಹೊಟ್ಟೆಪಾಡಿಗೆ ಗುಮಾಸ್ತ. ರೋಮಿನ ಮೊದಲ ದೊಡ್ಡ ರಸ್ತೆ, ಮೊದಲ ನೀರುಗಾಲುವೆ ಮಾಡಿಸಿದ ಏಪಿಯಸ್ ಕ್ಲಾಡಿಯಸನ ಹತ್ತಿರ ಬರೆಯುತ್ತಿದ್ದ (ಮೇಲೆ ಹೇಳಿದ ಪಾಪಿಯಲ್ಲ, ಅವನ ವಂಶದವನು). 304ರಲ್ಲಿ ಫ್ಲೇವಿಯಸ್ ಈಡೈಲ್ ಎಂಬ ಪದವಿಗೆ ಚುನಾವಣೆಗೆ ನಿಂತ. ಅದು ಬೀದಿ, ಸಂತೆ ನೋಡಿಕೊಳ್ಳುವ ಅಧಿಕಾರ. ಸಂಬಳಕ್ಕೆ ಬರೆಯುವವನ ಹೆಸರು ತೆಗೆದುಕೊಳ್ಳುವುದಿಲ್ಲ ಎಂದು ಚುನಾವಣೆ ನಡೆಸುವವನು ಅಡ್ಡಹಾಕಿದ. ಫ್ಲೇವಿಯಸ್ ಬರೆಯುವ ಹಲಗೆಯನ್ನು ಕೆಳಗಿಟ್ಟು, ಇನ್ನು ಗುಮಾಸ್ತಿಕೆ ಮಾಡುವುದಿಲ್ಲ ಎಂದು ಆಣೆಯಿಟ್ಟ. ಗೆದ್ದ. ದಾವೆಯ ಮಾತುಗಳನ್ನೆಲ್ಲ ಬಹಿರಂಗ ಮಾಡಿದ. ಕೋರ್ಟು ನಡೆಯುವ ದಿನಗಳ ಪಟ್ಟಿಯನ್ನು ಬಿಳಿ ಹಲಗೆಗಳ ಮೇಲೆ ಬರೆದು ಚೌಕದ ಸುತ್ತ ನಿಲ್ಲಿಸಿದ.

ದೊಡ್ಡ ಮನೆತನದವರು ಅವಮಾನವಾಯಿತೆಂದು ಚಿನ್ನದ ಉಂಗುರ ಕಳಚಿಟ್ಟರಂತೆ. ಅವನು ದೇವಾಲಯವೊಂದನ್ನು ಪ್ರತಿಷ್ಠೆ ಮಾಡಲು ಹೋದರೆ ಪ್ರಧಾನ ಪುರೋಹಿತ ಮಂತ್ರ ಹೇಳಿಕೊಡಲಾರೆ ಅಂದ, ಜನ ಗದ್ದಲ ಮಾಡಿ ಹೇಳಿಸಿದರು. ಒಂದು ದಿನ ಕಾಯಿಲೆ ಬಿದ್ದಿದ್ದ ಜೊತೆ ಅಧಿಕಾರಿಯನ್ನು ನೋಡಲು ಅವನ ಮನೆಗೆ ಹೋದ. ಅಲ್ಲಿ ಕೂತಿದ್ದ ಸಿರಿವಂತರ ಹುಡುಗರು ಬೇಕೆಂದೇ ಏಳಲಿಲ್ಲ. ಫ್ಲೇವಿಯಸ್ ಕೂಗಾಡಲಿಲ್ಲ. ತನ್ನ ಪದವಿಯ ದಂತದ ಕುರ್ಚಿಯನ್ನು ಅಲ್ಲಿಗೇ ತರಿಸಿ, ಅವರ ಎದುರಿಗೆ ಹಾಕಿಸಿಕೊಂಡು ಕೂತ.

ಈ ಭಾಗವನ್ನು ಹುಡುಗಿ ಬರೆದಿರಲಿಲ್ಲ. ಪುಸ್ತಕದಲ್ಲಿ ಸಿಕ್ಕಿದ್ದನ್ನು ನಾನೇ ಒಂದು ಪುಟ ಮಾಡಿ ಸೇರಿಸಿದ್ದೆ. ಮೊನ್ನೆ ಪ್ರಿಂಟ್ ತೆಗೆದುಕೊಳ್ಳಲು ಬಂದವಳು ನೋಡಿ, "ಇವನ್ಯಾರು ದೊಡ್ಡಮ್ಮ? ಸಿಲಬಸ್‌ನಲ್ಲೇ ಇಲ್ವಲ್ಲ" ಅಂದಳು. ಇರಲಿ ಬಿಡು ಅಂದೆ. ಒಟ್ಟು ಇಪ್ಪತ್ತೆಂಟು ಪುಟ ಆಗಿತ್ತು. ಇಪ್ಪತ್ತೇಳಕ್ಕೆ ದುಡ್ಡು ತೆಗೆದುಕೊಂಡೆ.